ಸಫಾರಿಯಲ್ಲಿ ಬೀಗಿತ್ತಿಯ ಗೋಗ್ರಾಸ

ನನ್ನ ಮೊಮ್ಮಗಳು ಸಗಣಿ ಬಳಿಯುವ ಕೆಲಸಕ್ಕೆ ಹೋಗ್ತಾಳೆ. ನಾನು ಇದನ್ನು ಹೀಗೆಯೇ ಹೇಳೋದು. ಅವಳ ಅಪ್ಪ, ಅಂದರೆ ನಮ್ಮ ಅಳಿಯಂದಿರು, ಹೀಗೆ ಹೇಳೋದಿಲ್ಲ. ಕನ್ನಡದವರು ಒಬ್ಬೊಬ್ಬರು ಒಂದೊಂದು ಅಡಿಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕಿನಲ್ಲಿ ಯಾರಾದರೂ "ಮಗಳು ಈಗೇನ್ ಮಾಡ್ತಿದಾಳೆ?" ಅಂತ ಕೇಳಿದರೆ ಅವರು ತಟ್ಟೆಯ ಕಡೆ ನೋಡ್ತಾ, "ವೈಲ್ಡ್‌ಲೈಫ್ ಫೀಲ್ಡಿನಲ್ಲಿದಾಳೆ" ಅಂತಾರೆ. ಕೇಳಿದವರು ಹುಡುಗಿ ಎಲ್ಲೋ ಆಫ್ರಿಕಾದಲ್ಲಿ ಜೀಪು ಓಡಿಸ್ತಿರಬೇಕು ಅಂದುಕೊಂಡು ತಲೆ ಆಡಿಸ್ತಾರೆ.

ಆಫ್ರಿಕಾದ ತನಕ ಹೋಗಬೇಕಿಲ್ಲ. ನ್ಯೂಜೆರ್ಸಿಯ ಎಡಿಸನ್ನಿನ ನಮ್ಮ ಮನೆಯಿಂದ ಟರ್ನ್‌ಪೈಕ್ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ, ಟ್ರಾಫಿಕ್ ಇಲ್ಲದಿದ್ದರೆ, ಒಂದು ಕಾಫಿ ಆರುವಷ್ಟರಲ್ಲಿ ಸಿಗ್ತದೆ. ಪೈನ್ ಮರಗಳ ನಡುವೆ ದೊಡ್ಡ ಬಯಲಿಗೆ ಬೇಲಿ ಹಾಕಿ, ಆಫ್ರಿಕಾದ ಪ್ರಾಣಿಗಳನ್ನು ಬಿಟ್ಟಿದ್ದಾರೆ. ಜಿರಾಫೆ, ಘೇಂಡಾಮೃಗ, ಜೀಬ್ರಾ, ಆಸ್ಟ್ರಿಚ್. ಜನ ತಮ್ಮ ಕಾರಿನಲ್ಲಿಯೇ ಕಿಟಕಿ ಮುಚ್ಚಿಕೊಂಡು, ಆಮೆಯ ಹಾಗೆ ಸಾಲಾಗಿ ಹೋಗಿ ನೋಡಿಕೊಂಡು ಬರ್ತಾರೆ. ಪ್ರಾಣಿ ಹೊರಗೆ, ಮನುಷ್ಯ ಪೆಟ್ಟಿಗೆಯೊಳಗೆ. ನನಗೆ ಈ ಪದ್ಧತಿ ಸರಿ ಅನಿಸ್ತದೆ.

ನನ್ನ ಮಗಳಿಗೆ ಈ ಕೆಲಸ ಗಂಟಲಿಗೆ ಸಿಕ್ಕಿಕೊಂಡ ಮುಳ್ಳು. ಅವಳು ತನ್ನ ಮಗಳು ಹಲ್ಲಿನ ಡಾಕ್ಟರ್ ಆಗಲಿ ಅಂತ ಇದ್ದಳು. ಹುಡುಗಿ ಕಾಲೇಜು ಮುಗಿಸಿ ಬಂದು, "ಮಾಮ್, ಐ ಲೈಕ್ ಹೂವ್ಸ್, ನಾಟ್ ಟೀತ್" ಅಂದಳು. ಹೂವ್ಸ್ ಅಂದರೆ ಗೊರಸು ಅಂತ ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಗೊರಸಿನ ಮೇಲೆ ಪ್ರೀತಿ ಇರುವವರನ್ನು ನಾನು ನೋಡಿದ್ದೇನೆ. ನನ್ನ ಅಪ್ಪನೇ ಹಾಗಿದ್ದ. ಅದಕ್ಕೆ ಔಷಧ ಇಲ್ಲ.

ಹೋದ ಚಳಿಗಾಲಕ್ಕೆ ಅವಳನ್ನು ಟೆಂಪರರಿ ಅಂತ ತಗೊಂಡರು. ಬೇಸಿಗೆ ಮುಗಿಯುವಾಗ ಪರ್ಮನೆಂಟ್ ಮಾಡ್ತೇವೆ, ಇಲ್ಲವೇ ಮನೆಗೆ ಕಳಿಸ್ತೇವೆ ಅಂದಿದ್ದರು. ಜೊತೆಗೆ ಸೇರಿದ್ದ ಇನ್ನೊಬ್ಬನನ್ನು ಒಂದು ಗೇಟಿನ ಚಿಲಕ ಮರೆತದ್ದಕ್ಕೆ ಆಗಲೇ ಕಳಿಸಿದ್ದರು. ಅವಳ ಮೇಲಿನ ಹೆಡ್ ಒಬ್ಬ ಹೆಂಗಸು, ಮಾತು ಕಡಿಮೆ, ಮಾಫಿ ಅದಕ್ಕಿಂತ ಕಡಿಮೆ. ಹಾಗಾಗಿ ನಮ್ಮ ಹುಡುಗಿ ಆ ಬೇಸಿಗೆಯೆಲ್ಲ ಹೆಜ್ಜೆ ಎಣಿಸಿದ ಹಾಗೆ ನಡೀತಿದ್ದಳು. ನಾನೂ ಬಾಯಿ ಬಿಡದೆ ಅವಳ ಹಿಂದೆ ನಡೀತಿದ್ದೆ.

ಬೆಳಿಗ್ಗೆ ಅವಳ ಡಬ್ಬಿ ಕಟ್ಟುವುದು ನಾನು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಪಲ್ಯ. ಸಂಜೆ ಅವಳ ಬಟ್ಟೆ ಒಗೆಯುವುದೂ ನಾನೇ. ಅವಳಮ್ಮ ಅದನ್ನು ಬೇಸ್‌ಮೆಂಟಿನ ಮೆಷಿನಿಗೆ ಹಾಕಲು ಬಿಡೋದಿಲ್ಲ, ಹಾಗಾಗಿ ಮೊದಲು ಹಿತ್ತಲಲ್ಲಿ ಬಕೆಟ್ಟಿನಲ್ಲಿ ನೆನೆಸಿ ಹಿಂಡ್ತೇನೆ. ಬಟ್ಟೆ ನೋಡಿದರೆ ದಿನ ಹೇಗಿತ್ತು ಅಂತ ನನಗೆ ಗೊತ್ತಾಗ್ತದೆ. ಭುಜದ ಮೇಲೆ ಅಂಟು ಅಂಟಾದ ಜೊಲ್ಲಿದ್ದರೆ ಜಿರಾಫೆ ಕೆಲಸ. ಮೊಣಕಾಲು ತನಕ ಕೆಸರಾಗಿದ್ದರೆ ಘೇಂಡಾಮೃಗ. ಅದನ್ನು ಕಸಬರಿಗೆಯಿಂದ ಉಜ್ಜಿದರೆ ಕಣ್ಣು ಮುಚ್ಚಿ ನಿಂತುಬಿಡ್ತದಂತೆ. ತೋಳು ಹರಿದಿದ್ದರೆ ಜೀಬ್ರಾ. "ಅಜ್ಜಿ, ಜೀಬ್ರಾಸ್ ಆರ್ ದಿ ವರ್ಸ್ಟ್. ಕಚ್ಚಿದ್ರೆ ಬಿಡೋದಿಲ್ಲ" ಅಂತಾಳೆ. ಇಷ್ಟುದ್ದದ ಕನ್ನಡ ಅವಳ ಬಾಯಿಂದ ಬರುವುದು ಪ್ರಾಣಿಗಳ ಬಗ್ಗೆ ಮಾತ್ರ. ಊಟ ಬೇಕಾ ಅಂದರೆ "ಐ ಆಮ್ ಗುಡ್" ಅಷ್ಟೇ.

ಸಂಜೆ ಹೊತ್ತಿಗೆ ಗೇಟು ಮುಚ್ಚಿ ಕಾರೆಲ್ಲ ಹೋದ ಮೇಲೆ ಒಂದು ಬಕೆಟ್ ಬಡಿದರೆ ಜಿರಾಫೆಗಳು ತಾವಾಗಿ ಕೊಟ್ಟಿಗೆಗೆ ಬರ್ತಾವಂತೆ, ಪ್ರತಿಯೊಂದೂ ತನ್ನ ತನ್ನ ಬಾಗಿಲಿಗೆ. ಹಿಮ ಬಿದ್ದಾಗ ಅವನ್ನು ಹೊರಗೆ ಬಿಡೋದಿಲ್ಲ. ಅಂಗಳಕ್ಕೆ ಮರಳು ಹಾಕಿ, ಹಾಕಿದ ಮೇಲೆ ತಾವೇ ತುಳಿದು ನೋಡಿ, ಆಮೇಲೆ ಸ್ವಲ್ಪ ಹೊತ್ತು ಬಿಡ್ತಾರೆ. ಅಷ್ಟುದ್ದದ ಕಾಲು ಐಸಿನ ಮೇಲೆ ಜಾರಿ ಅಗಲಿಸಿ ಬಿದ್ದರೆ ಮತ್ತೆ ಏಳೋದಿಲ್ಲ. ಆಫ್ರಿಕಾದಿಂದ ಬಂದ ಪ್ರಾಣಿ ನ್ಯೂಜೆರ್ಸಿಯ ಚಳಿಗಾಲದಲ್ಲಿ ಹೀಟರ್ ಮುಂದೆ ನಿಂತು ಹುಲ್ಲು ತಿನ್ನುವುದನ್ನು ಕೇಳಿ ನನಗೆ ನಗು ಬಂತು. ನಾನೂ ಅದನ್ನೇ ಮಾಡ್ತೇನೆ.

ಅದೇ ಬೇಸಿಗೆಗೆ ಬೀಗಿತ್ತಿ ಬಂದರು. ನಮ್ಮ ಅಳಿಯಂದಿರ ತಾಯಿ, ಮೈಸೂರಿನವರು. ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದವರು. ಮೊಮ್ಮಗಳಿಗೆ ಅವರು ಮೈಸೂರಜ್ಜಿ, ನಾನು ಬರೀ ಅಜ್ಜಿ. ನಾನು ನಾಲ್ಕನೇ ಇಯತ್ತೆ ಕಲಿತವಳು, ನನ್ನ ಊರು ಧಾರವಾಡದ ಕಡೆ. ನಮ್ಮಿಬ್ಬರಿಗೂ ಜಗಳ ಇಲ್ಲ. ಅವರು ಸಾರಿಗೆ ಬೆಲ್ಲ ಹಾಕ್ತಾರೆ, ನಾನು ಹೊರಳಿ ಖಾರ ಹಾಕ್ತೇನೆ. ಅಷ್ಟರಲ್ಲೇ ನಡೀತದೆ.

ಅವರಿರುವಾಗಲೇ ಅವರ ಯಜಮಾನರ ತಿಥಿ ಬಂತು. ನಮ್ಮ ಮನೆತನದಲ್ಲಿ ತಿಥಿ ಗಿಥಿ ಇಲ್ಲ. ಸತ್ತವರನ್ನು ಕೂರಿಸಿ ಮಣ್ಣು ಕೊಟ್ಟು ಬಂದರೆ ಆಯಿತು. ಅವರಲ್ಲಿ ಹಾಗಲ್ಲ. ಕಾಗೆಗೆ ಒಂದು ಪಾಲು, ಹಸುವಿಗೆ ಒಂದು ಪಾಲು. ಮೈಸೂರಿನಲ್ಲಾದರೆ ಅವರ ಬೀದಿಗೆ ಹಸು ತಾನಾಗಿ ಬಂದು ಬಾಗಿಲಲ್ಲಿ ನಿಲ್ತದಂತೆ. ಎಡಿಸನ್ನಿನಲ್ಲಿ ಬಾಗಿಲಿಗೆ ಬರುವುದು ಅಮೆಜಾನ್ ವ್ಯಾನು ಮಾತ್ರ.

ತಿಥಿಗೆ ವಾರ ಇರುವಾಗಲೇ ಬೀಗಿತ್ತಿ ಮೊಮ್ಮಗಳನ್ನು ಹಿಡಿದರು.

"ಅಲ್ಲ ಪುಟ್ಟಾ, ನಿಮ್ಮಲ್ಲಿ ಹಸುಗಳಿವೆ ಅಂದ್ಯಲ್ಲ? ಉದ್ದ ಕೊಂಬಿಂದು?"

"ಇವೆ. ಆಫ್ರಿಕನ್ ಕ್ಯಾಟಲ್. ಬಟ್ ನೋ, ಮೈಸೂರಜ್ಜಿ."

"ನಾನಿನ್ನೂ ಏನೂ ಕೇಳೇ ಇಲ್ಲ."

"ನೋ ಹ್ಯೂಮನ್ ಫುಡ್. ಒಂದು ಗ್ರೇಪ್ ಕೂಡ ಇಲ್ಲ. ಹೊಟ್ಟೆ ಅಪ್‌ಸೆಟ್ ಆಗುತ್ತೆ."

"ತಿನ್ಸೋದಿಲ್ಲಮ್ಮ. ದೂರದಿಂದ ನೋಡಿ ಒಂದು ನಮಸ್ಕಾರ ಹಾಕ್ತೀನಿ. ತಾತನ ಹೆಸರಲ್ಲಿ."

ತಾತನ ಹೆಸರು ಬಂದ ಮೇಲೆ ಹುಡುಗಿ ಕರಗಿದಳು. ಕೆಲಸದವರ ಮನೆಯವರಿಗೆ ಒಂದು ಪಾಸ್ ಇರ್ತದೆ, ಅದನ್ನು ಕೊಡಲು ಒಪ್ಪಿದಳು. ಆ ಪಾಸಿಗೆ ಒಂದು ಕರಾರು. ಅದರ ಮೇಲೆ ಬಂದವರು ಏನೇ ತಪ್ಪು ಮಾಡಿದರೂ ಕೆಲಸದವರೇ ಮಾಡಿದ ಲೆಕ್ಕ. ಇದನ್ನು ಅವಳು ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಹೇಳಿದಳು. ಬೀಗಿತ್ತಿ ಎರಡು ಸಲವೂ ತಲೆ ಆಡಿಸಿದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ಹೇಗೆ ತಲೆ ಆಡಿಸ್ತಾರೋ ಹಾಗೆ, ಕೇಳಿಸಿಕೊಳ್ಳದೆ.

ತಿಥಿಯ ದಿನ ಬೆಳಿಗ್ಗೆ ಅಳಿಯಂದಿರು ಆಫೀಸಿಗೆ ರಜೆ ಹಾಕಿ, ದೇವಸ್ಥಾನಕ್ಕೆ ಹೋಗಿ ಕಾರ್ಯ ಮುಗಿಸಿ ಬಂದರು. ಬೀಗಿತ್ತಿ ಇಂಡಿಯನ್ ಸ್ಟೋರಿನ ಫ್ರೋಜನ್ ಬಾಳೆಲೆಯನ್ನು ಬಿಸಿನೀರಿನಲ್ಲಿ ಬಿಡಿಸಿ, ಅದರ ಮೇಲೆ ಕಾಗೆಯ ಪಾಲು ಬಡಿಸಿ ಹಿತ್ತಲಿನ ಮರದ ಡೆಕ್ ಮೇಲೆ ಇಟ್ಟರು. ಕಾಗೆ ಬರಲಿಲ್ಲ. ಒಂದು ದಪ್ಪ ಅಳಿಲು ಬಂದು ವಡೆಯನ್ನು ಕಚ್ಚಿಕೊಂಡು ಬೇಲಿ ಹತ್ತಿ, ನಮ್ಮ ಎದುರಿಗೇ ಕೂತು ತಿಂದಿತು.

"ನಿಮ್ಮ ಮನಿಯವರಿಗೆ ಹಸಿವಾಗಿತ್ತು ಕಾಣಸ್ತದ್ರಿ" ಅಂದೆ ನಾನು.

ಬೀಗಿತ್ತಿ ನಗಲಿಲ್ಲ. ಒಳಗೆ ಹೋಗಿ ಬಹಳ ಹೊತ್ತು ಅಡಿಗೆಮನೆಯಲ್ಲಿ ಏನೋ ಮಾಡ್ತಿದ್ದರು. ನಾನು ಆಗಲೇ ಹೋಗಿ ನೋಡಬೇಕಿತ್ತು, ನೋಡಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಮೂವರೂ ಹೊರಟೆವು. ಮಗಳಿಗೆ ಆಫೀಸಿತ್ತು. ಮುಂದೆ ಅಳಿಯಂದಿರು ಡ್ರೈವ್ ಮಾಡ್ತಿದ್ದರು, ಹಿಂದೆ ನಾವಿಬ್ಬರು. ಬೀಗಿತ್ತಿಯ ವ್ಯಾನಿಟಿ ಬ್ಯಾಗು ಯಾವತ್ತಿಗಿಂತ ಉಬ್ಬಿತ್ತು.

ಒಳಗೆ ಹೋದೆವು. ಮೊದಲು ಜಿರಾಫೆ ಬಂತು. ಅದು ರಸ್ತೆ ದಾಟುವ ತನಕ ಎಲ್ಲ ಕಾರು ನಿಲ್ಲಬೇಕು, ಅದು ದಾಟುವ ಯೋಚನೆಯಲ್ಲೇ ಇರಲಿಲ್ಲ. ಒಂದು ಆಸ್ಟ್ರಿಚ್ ನಮ್ಮ ಕಾರಿನ ಕನ್ನಡಿಯಲ್ಲಿ ತನ್ನ ಮುಖ ನೋಡಿ ಸಿಟ್ಟಾಗಿ ಕುಕ್ಕಿತು. ಅಳಿಯಂದಿರು "ಓ ಗಾಡ್, ಪೇಂಟ್, ಪೇಂಟ್" ಅಂತ ಒದ್ದಾಡಿದರು. ದೂರದಲ್ಲಿ ಪಟ್ಟೆ ಬಳಿದ ಟ್ರಕ್ಕಿನ ಮೇಲೆ ಟೋಪಿ ಹಾಕಿಕೊಂಡು ಹುಲ್ಲಿನ ಪೆಂಡಿ ಇಳಿಸ್ತಿದ್ದವಳು ನಮ್ಮ ಹುಡುಗಿ. ಕೈ ಬೀಸಲಿಲ್ಲ. ಕೆಲಸದ ಮೇಲಿದ್ದಾಗ ಬೀಸಬಾರದಂತೆ. ಮನೆಯಲ್ಲಿ ಸೋಫಾದ ಮೇಲೆ ಬಿದ್ದುಕೊಂಡಿರುವ ಹುಡುಗಿ ಅಲ್ಲಿ ಎಷ್ಟು ನೆಟ್ಟಗೆ ನಿಂತಿದ್ದಳು ಅಂತ ನಾನು ನೋಡ್ತಿದ್ದೆ.

ಆಮೇಲೆ ದನಗಳು ಬಂದವು. ನಮ್ಮ ಕಡೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ ಜಂಬ ಪಡ್ತೇವೆ. ಇವುಗಳ ಕೊಂಬಿನ ಮುಂದೆ ಅದೆಲ್ಲ ಕಡ್ಡಿ. ಒಂದೊಂದು ಕೊಂಬು ಬಾಳೆಗಿಡದ ಬುಡದಷ್ಟು ದಪ್ಪ, ಆಕಾಶಕ್ಕೆ ಹೋಗಿ ಬಾಗಿದ್ದವು. ಕೆಂಪು ಮೈಯ ಒಂದು ನಿಧಾನವಾಗಿ ನಮ್ಮ ಕಾರಿನ ಪಕ್ಕಕ್ಕೇ ಬಂದು ನಿಂತಿತು. ಬೀಗಿತ್ತಿ ಕಣ್ಣು ತುಂಬಿ ಕೈ ಮುಗಿದು, "ಗೋಮಾತೆ, ನೋಡಿ, ತಾನಾಗೇ ಬಂದ್ಲು" ಅಂದರು.

ಅದು ಗೋಮಾತೆ ಅಲ್ಲ, ಎತ್ತು. ಅದು ಬಂದ ತಕ್ಷಣ ನಾನು ನೋಡಿದ್ದೆ. ಬೀಗಿತ್ತಿ ಕೊಂಬಿನಿಂದ ಕೆಳಗೆ ನೋಡಿರಲಿಲ್ಲ. ಅಳುವ ಹೆಂಗಸಿಗೆ ಅಂಥ ಹೊತ್ತಿನಲ್ಲಿ ಅದನ್ನು ಹೇಳಲು ನನಗೂ ಬಾಯಿ ಬರಲಿಲ್ಲ.

"ಕಂದಾ, ಸ್ವಲ್ಪ ವಾಕರಿಕೆ ಬರ್ತಿದೆ, ಕಿಟಕಿ ಒಂಚೂರು ಇಳಿಸು" ಅಂದರು ಮಗನಿಗೆ.

"ಅಮ್ಮಾ, ಇಲ್ಲಿ ಇಳಿಸೋ ಹಾಗಿಲ್ಲ."

"ಸೀಟ್ ಮೇಲೇ ಆಗಿಬಿಡುತ್ತೆ ಕಣೋ."

ಸೀಟು ಅಂದ ಕೂಡಲೇ ಕಿಟಕಿ ಇಳಿಯಿತು. ಅದೇ ಕ್ಷಣಕ್ಕೆ ವ್ಯಾನಿಟಿ ಬ್ಯಾಗಿನ ಬಾಯಿಯೂ ತೆರೆಯಿತು. ಬಾಳೆಲೆಯ ಪೊಟ್ಟಣ, ಅದರೊಳಗೆ ಅನ್ನ, ತೊವ್ವೆ, ವಡೆ, ಬೆಲ್ಲ. ಸೋರಬಾರದು ಅಂತ ಅದಕ್ಕೆ ಹೊರಗಿನಿಂದ ಒಂದು ಜಿಪ್‌ಲಾಕ್ ಚೀಲ. ಬೀಗಿತ್ತಿ ಜಿಪ್ಪು ಬಿಚ್ಚಿ ಎಲೆಯನ್ನು ಹೊರಗೆ ತೆಗೆಯುವುದರಲ್ಲಿದ್ದರು. ಅಷ್ಟರಲ್ಲಿ ಕಿಟಕಿಯಲ್ಲಿ ಒಂದು ಒದ್ದೆ ಮೂಗು ಬಂತು, ಮೇಲೆ ಕೊಂಬು ಕಾರಿನ ಛಾವಣಿಗೆ ಢಣ್ ಅಂತ ಬಡಿಯಿತು. ಬೀಗಿತ್ತಿ ಕಿರುಚಿ ಕೈ ಬಿಟ್ಟರು. ಉದ್ದ ನಾಲಿಗೆ ಬಂದು ಪೊಟ್ಟಣವನ್ನು ಚೀಲ ಸಮೇತ ಎಳೆದುಕೊಂಡು ಹೋಯಿತು.

ಅಳಿಯಂದಿರು ಕಿಟಕಿ ಏರಿಸಿದರು. ಎತ್ತು ಅಲ್ಲೇ ನಿಂತು ಅಗಿಯಿತು. ಅನ್ನ ಕೆಳಗೆ ಉದುರಿತು, ವಡೆಯೂ ಉದುರಿತು. ಎಲೆಯ ಚೂರು ತುಟಿಯಂಚಿನಲ್ಲಿ ಕಂಡು ಒಳಗೆ ಹೋಯಿತು. ಚೀಲ ಮಾತ್ರ ಎಲ್ಲೂ ಬೀಳಲಿಲ್ಲ.

"ಅಮ್ಮಾ! ನಾನು ಎಷ್ಟು ಸಲ ಹೇಳ್ದೆ?"

"ಚೀಲ ಹಾಕೋ ಹಾಗೆ ಮಾಡಿದ್ದು ನೀನು ತಾನೇ? ಲೆದರ್ ಸೀಟು, ತೊವ್ವೆ ಸೋರುತ್ತೆ ಅಂತ ಪ್ರತಿ ಸಲ ಬೈತೀಯಲ್ಲ, ಅದಕ್ಕೇ ಹಾಕ್ದೆ."

ಹಿಂದಿನ ಕಾರಿನವರು ತಮ್ಮ ಮಕ್ಕಳಿಗೆ ಜೀಬ್ರಾ ತೋರಿಸ್ತಿದ್ದರು, ನಮ್ಮ ಕಡೆ ನೋಡಿರಲಿಲ್ಲ. ಅಳಿಯಂದಿರು ಮುಂದೆ ನೋಡಿದರು, ಹಿಂದೆ ನೋಡಿದರು. ಆಮೇಲೆ ಗೇರ್ ಹಾಕಿ, "ಯಾರೂ ನೋಡಿಲ್ಲ. ಲೆಟ್ಸ್ ಜಸ್ಟ್ ಗೋ. ಗೊತ್ತಾದ್ರೆ ಅವಳ ಕೆಲಸ ಹೋಗುತ್ತೆ" ಅಂದರು. ಕಾರು ಸರಿಯಿತು.

ಅವರು ಹೇಳಿದ್ದು ಸುಳ್ಳಲ್ಲ. ಹುಡುಗಿಯ ಕೆಲಸ ಹೋಗಬಹುದಿತ್ತು. ಆದರೆ ನಾನು ಹಿಂದಿನ ಗಾಜಿನಿಂದ ನೋಡ್ತಿದ್ದೆ. ಎತ್ತು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡ್ತಿತ್ತು. ನಾಲಿಗೆ ಹೊರಗೆ ಹಾಕಿ ಕತ್ತು ಅಲ್ಲಾಡಿಸ್ತಿತ್ತು, ಜೊಲ್ಲು ಹಗ್ಗದ ಹಾಗೆ ಇಳೀತಿತ್ತು. ಚೀಲ ಇನ್ನೂ ಬಾಯಲ್ಲೇ ಇದೆ ಅಂತ ಯಾರಿಗಾದರೂ ಕಾಣುವಂತಿತ್ತು. ನುಂಗಿದರೆ ನಾಳೆಯೋ ನಾಡಿದ್ದೋ ಅದು ಮೇವು ಬಿಟ್ಟು ಮಲಗ್ತದೆ. ಯಾಕೆ ಅಂತ ತಿಳಿಯದೆ ಅದರ ಪಕ್ಕದಲ್ಲಿ ಕೂತು ಹುಲ್ಲು ಹಿಡಿಯುವವಳು ನಮ್ಮ ಹುಡುಗಿಯೇ. ಆಮೇಲೆ ಮನೆಗೆ ಬಂದು ನಮ್ಮ ಮುಂದೆ ಅಳ್ತಾಳೆ, ನಾವು ಮೂವರೂ ಗೊತ್ತಿಲ್ಲದವರ ಹಾಗೆ ಕೂತಿರಬೇಕು. ಹಾಗೆ ಕೂರುವುದು ನನ್ನ ಕೈಲಾಗೋದಿಲ್ಲ.

"ನಿಂದರ್ಸ್ರಿ" ಅಂದೆ.

"ಅತ್ತೆ, ಪ್ಲೀಸ್."

ಗೇಟಿನಲ್ಲೇ ಹೇಳಿದ್ದರು, ಏನಾದರೂ ತೊಂದರೆಯಾದರೆ ಹಾರ್ನ್ ಹೊಡೆಯಿರಿ, ಕೆಳಗೆ ಇಳಿಯಬೇಡಿ ಅಂತ. ನಾನು ಬೆಲ್ಟ್ ಬಿಚ್ಚಿ, ಎರಡು ಸೀಟಿನ ನಡುವೆ ತೂರಿ, ಅಳಿಯಂದಿರ ಭುಜದ ಮೇಲಿಂದ ಕೈ ಚಾಚಿ ಹಾರ್ನ್ ಒತ್ತಿದೆ. ಮಗಳ ಮದುವೆಯಾದಾಗಿನಿಂದ ಅವರ ಎದುರಿಗೆ ಸೆರಗು ಸರಿ ಮಾಡಿಕೊಳ್ಳದೆ ನಿಂತವಳಲ್ಲ ನಾನು. ಆವತ್ತು ಅವರ ಬೆನ್ನ ಮೇಲೆ ಅರ್ಧ ಮಲಗಿದ್ದೆ. ಕೈ ತೆಗೆಯಲಿಲ್ಲ. ಜಿರಾಫೆಗಳೂ ಈ ಕಡೆ ತಿರುಗಿದವು.

ಪಟ್ಟೆ ಟ್ರಕ್ಕು ಬಂತು. ಇಳಿದವಳು ನಮ್ಮ ಹುಡುಗಿ. ನಮ್ಮ ಕಾರು ಅಂತ ಗೊತ್ತಾದಾಗ ಅವಳ ಮುಖದಲ್ಲಿದ್ದ ರಕ್ತ ಇಳಿದುಹೋಯಿತು. ಅಳಿಯಂದಿರು ಗಾಜು ಸ್ವಲ್ಪ ಇಳಿಸಿ ಇಂಗ್ಲಿಷಿನಲ್ಲಿ ಉದ್ದವಾಗಿ ಏನೋ ಶುರು ಮಾಡಿದರು. ನಾನು ನಡುವೆ ಬಾಯಿ ಹಾಕಿ ಹೇಳಿದೆ, "ಆ ಕೆಂಪಂದು ಪ್ಲಾಸ್ಟಿಕ್ ಚೀಲ ಬಾಯಾಗ ಹಾಕ್ಕೊಂಡೈತಿ. ಇನ್ನೂ ನುಂಗಿಲ್ಲ. ನಮ್ಮ ಕಡಿಂದನ ಆಗೇತಿ. ಲಗೂ ಹೋಗವ್ವಾ."

ಅವಳು ಯಾಕೆ, ಯಾರು ಅಂತ ಒಂದೂ ಕೇಳಲಿಲ್ಲ. ಎತ್ತಿನ ಕಡೆ ಒಮ್ಮೆ ನೋಡಿ, ಭುಜದ ಮೇಲಿದ್ದ ರೇಡಿಯೋದಲ್ಲಿ ಮಾತಾಡಿದಳು. ನಮ್ಮ ಕಡೆ ನೋಡದೆ, "ಗೋ ಟು ದಿ ಪಾರ್ಕಿಂಗ್ ಲಾಟ್. ವೇಟ್ ದೇರ್" ಅಂದಳು.

ಪಾರ್ಕಿಂಗ್ ಲಾಟಿನಲ್ಲಿ ಕೂತೆವು. ಬಿಸಿಲು. ಥರ್ಮಾಸಿನಲ್ಲಿ ಕಾಫಿ ಇತ್ತು, ಯಾರೂ ಕುಡಿಯಲಿಲ್ಲ.

"ನನ್ನ ಮೊಮ್ಮಗಳ ಕೆಲಸ ನಾನೇ ಕಳೆದುಬಿಟ್ನಲ್ಲ" ಅಂತ ಬೀಗಿತ್ತಿ ಅತ್ತರು.

ಇಲ್ಲ ಬಿಡಿ, ಹಾಗೇನಾಗೋದಿಲ್ಲ ಅಂತ ನಾನು ಹೇಳುವವಳಲ್ಲ. "ಹೌದ್ರಿ, ಕಳದ್ರೂ ಕಳದಿರಬಹುದು" ಅಂದೆ.

ಅಳಿಯಂದಿರು ಸ್ಟೀರಿಂಗ್ ನೋಡ್ತಾ ಹೇಳಿದರು. "ಸುಮ್ನೆ ಹೋಗಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅತ್ತೆ."

"ಆ ದನಕ್ಕ ಗೊತ್ತಾಗ್ತಿತ್ತು."

ಅಳಿಯಂದಿರು ತಾವೇ ಕಾಫಿ ಬಗ್ಗಿಸಿ ಮೊದಲು ಅವರ ಅಮ್ಮನಿಗೆ, ಆಮೇಲೆ ನನಗೆ ಕೊಟ್ಟರು. ತಮಗೆ ಬಗ್ಗಿಸಿಕೊಳ್ಳುವುದು ಮರೆತು ಗೇಟಿನ ಕಡೆಯೇ ನೋಡ್ತಿದ್ದರು. ಪಾಟ್‌ಲಕ್ಕಿನಲ್ಲಿ ಮಗಳ ಕೆಲಸದ ಹೆಸರು ಹೇಳಲು ನಾಚುವ ಮನುಷ್ಯ, ಆ ಕೆಲಸ ಉಳಿಯಲಿ ಅಂತ ಒಳಗೊಳಗೇ ದೇವರಿಗೆ ಹರಕೆ ಹೊರ್ತಿದ್ದರು ಅಂತ ನನಗೆ ಕಂಡಿತು.

ನೆರಳು ಕಾರಿನ ಇನ್ನೊಂದು ಬದಿಗೆ ಬರುವ ಹೊತ್ತಿಗೆ ಹುಡುಗಿ ನಡೆದು ಬಂದಳು. ಹಿಂದೆ ಆ ಹೆಡ್. ಬಿಸಿಲಿಗೆ ಕೆಂಪಾದ ಕತ್ತು, ನಮ್ಮ ಗರಡಿಯವರ ಹಾಗಿನ ತೋಳು. ಹುಡುಗಿ ಗ್ಲೋವ್ಸ್ ಹಾಕಿದ ಕೈಯಲ್ಲಿ ಏನೋ ಹಿಡಿದಿದ್ದಳು. ಹತ್ತಿರ ಬಂದ ಮೇಲೆ ಕಂಡಿತು. ಜೊಲ್ಲಿನಲ್ಲಿ ತೊಯ್ದು, ಅಗಿದು ಹಗ್ಗವಾದ ಜಿಪ್‌ಲಾಕ್ ಚೀಲ. ಒಂದು ತುದಿಗೆ ಬಾಳೆಲೆಯ ದಂಟು ಇನ್ನೂ ಅಂಟಿತ್ತು.

"ವಿ ಗಾಟ್ ಇಟ್, ಅಜ್ಜಿ. ಆಲ್ ಆಫ್ ಇಟ್."

ನಾನು ಕಿಟಕಿಯಿಂದ ಕೈ ಚಾಚಿ ಆ ದಂಟನ್ನು ಮುಟ್ಟಿ ನೋಡಿದೆ.

ಎತ್ತನ್ನು ಎರಡು ಕಬ್ಬಿಣದ ಗೋಡೆಗಳ ನಡುವೆ ತಂದು ನಿಲ್ಲಿಸಿ, ಬಾಯಿ ಮುಚ್ಚದ ಹಾಗೆ ಏನೋ ಕೊಟ್ಟು, ದನದ ಡಾಕ್ಟರು ಕೈ ಹಾಕಿ ನೋಡಿದರಂತೆ. ಎಲೆಯ ದಂಟು ಹಿಂದಿನ ಹಲ್ಲಿಗೆ ಸಿಕ್ಕಿ ಚೀಲವನ್ನು ಹಿಡಿದಿಟ್ಟಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಚೀಲ ಹೊಟ್ಟೆಗೆ ಹೋಗಿಬಿಡ್ತಿತ್ತು ಅಂದರಂತೆ.

ಹೆಡ್ ಕಿಟಕಿಗೆ ಬಗ್ಗಿ ಏನೋ ಕೇಳಿದಳು. ಹುಡುಗಿ ಕನ್ನಡ ಮಾಡಿದಳು. "ಹಾರ್ನ್ ಯಾರು ಹೊಡೆದದ್ದು ಅಂತ ಕೇಳ್ತಿದಾರೆ."

ನಾನು ಕೈ ಎತ್ತಿದೆ, ಶಾಲೆಯಲ್ಲಿ ಎತ್ತಿದ ಹಾಗೆ.

ಹೆಡ್ ನನ್ನ ಕಡೆ ತಿರುಗಿದಳು. ಆಮೇಲೆ ಅವಳು ಹೇಳಿದ್ದನ್ನು ಹುಡುಗಿ ತುಂಡು ತುಂಡಾಗಿ ಕನ್ನಡದಲ್ಲಿ ಹೇಳಿದಳು. ಜನ ಎಂಥದೋ ತಿನ್ನಿಸಿ ಹೋಗಿಬಿಡ್ತಾರೆ, ನಮಗೆ ಗೊತ್ತಾಗೋದು ಪ್ರಾಣಿ ಸತ್ತ ಮೇಲೆ. ನಿಂತು ಹೇಳಿದವರು ಕಡಿಮೆ. ಅದಕ್ಕೆ ಥ್ಯಾಂಕ್ಸ್.

"ಮತ್ತೆ, ಈ ಪಾಸ್ ಕ್ಯಾನ್ಸಲ್. ನೀವು ಯಾರೂ ಇನ್ನು ಈ ಬೇಸಿಗೆಯಲ್ಲಿ ಬರಬೇಡಿ ಅಂತ."

"ಬರೂದಿಲ್ಲಂತ ಹೇಳು" ಅಂದೆ. "ಖುಷಿಲೆ ಬರೂದಿಲ್ಲ."

ಹೆಡ್ ನಕ್ಕಳೋ ಇಲ್ಲವೋ, ಟೋಪಿಯ ನೆರಳಲ್ಲಿ ಕಾಣಲಿಲ್ಲ. ಕೆಲಸದ ಬಗ್ಗೆ ಆವತ್ತು ಅವಳು ಏನೂ ಹೇಳಲಿಲ್ಲ. ಹುಡುಗಿಯ ಬೆನ್ನಿಗೆ ಒಮ್ಮೆ ತಟ್ಟಿ, ಬಾ, ಇನ್ನೂ ಹುಲ್ಲು ಇಳಿಸುವುದಿದೆ ಅನ್ನುವ ಹಾಗೆ ಟ್ರಕ್ಕಿನ ಕಡೆ ನಡೆದಳು. ಹುಲ್ಲು ಇಳಿಸಲು ಕರೀತಿದ್ದಾಳೆ ಅಂದರೆ ಮನೆಗೆ ಕಳಿಸಿಲ್ಲ. ನನಗೆ ಅಷ್ಟು ಸಾಕಾಯಿತು.

ದಾರಿಯಲ್ಲಿ ನಮ್ಮ ಎಕ್ಸಿಟ್ ಹತ್ತಿರ ಬರುವಾಗ ಬೀಗಿತ್ತಿ ಮೆಲ್ಲಗೆ ಕೇಳಿದರು. "ಅನ್ನ ಸ್ವಲ್ಪನಾದ್ರೂ ಒಳಗೆ ಹೋಗಿರುತ್ತೆ ಅಲ್ವಾ?"

"ಹೋಗೇತ್ರಿ. ನಾನ ನೋಡೀನಿ" ಅಂದೆ. ಒಂದೆರಡು ಅಗುಳಾದರೂ ಹೋಗಿರಲೇಬೇಕು. ಅದು ಸುಳ್ಳೇನಲ್ಲ.

ಆ ಸಂಜೆ ಹುಡುಗಿ ಮನೆಗೆ ಬಂದು ಮೈಸೂರಜ್ಜಿಯ ಎದುರು ಕೂತು, ಅಳದೆ, ಸಿಟ್ಟು ಮಾಡದೆ, "ಯು ಪ್ರಾಮಿಸ್ಡ್ ಮಿ" ಅಂತ ಒಂದೇ ಮಾತು ಹೇಳಿದಳು. ಬೀಗಿತ್ತಿ ಕಿವಿ ಹಿಡಿದುಕೊಂಡರು, ಮಕ್ಕಳು ಟೀಚರ ಮುಂದೆ ಹಿಡಿದುಕೊಂಡ ಹಾಗೆ. ಅಲ್ಲಿಗೆ ಅದು ಮುಗೀತು. ನನ್ನ ಮಗಳು ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡು, "ಅಂದ್ರ ಕೆಲಸ ಐತಿ?" ಅಂತ ಕೇಳಿದಳು. ಐತಿ ಅಂದಾಗ ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಹಲ್ಲಿನ ಡಾಕ್ಟರ ಮಾತು ಅಂದಿನಿಂದ ಮನೆಯಲ್ಲಿ ಬಂದಿಲ್ಲ.

ಬೇಸಿಗೆ ಕೊನೆಗೆ ಹುಡುಗಿಯನ್ನು ಪರ್ಮನೆಂಟ್ ಮಾಡಿದರು. ಹೊಸ ಯೂನಿಫಾರ್ಮು ಕೊಟ್ಟರು. ಅದೂ ಮೊದಲ ದಿನವೇ ಹಳೆಯದರಂತೆ ನಾರಿತು, ನಾನು ಬಕೆಟ್ಟಿಗೆ ಹಾಕಿದೆ. ಹೋದ ಪಾಟ್‌ಲಕ್ಕಿನಲ್ಲಿ ಯಾರೋ ಕೇಳಿದಾಗ ಅಳಿಯಂದಿರು ತಟ್ಟೆ ನೋಡದೆ, "ಜಿರಾಫೆ ನೋಡ್ಕೊಳ್ತಾಳೆ" ಅಂದರು. ಸಗಣಿಯ ಮಾತು ಬರಲು ಇನ್ನೂ ಒಂದು ವರ್ಷ ಬೇಕು.

ಬೀಗಿತ್ತಿ ಮೈಸೂರಿಗೆ ಹೋಗಿ ಆಯಿತು. ವಾರಕ್ಕೊಮ್ಮೆ ವಾಟ್ಸ್ಯಾಪಿನಲ್ಲಿ ಮುಖ ತೋರಿಸಿ, ನಮ್ಮನ್ನೆಲ್ಲ ವಿಚಾರಿಸುವ ಮೊದಲೇ ಕೇಳ್ತಾರೆ.

"ಪುಟ್ಟಾ, ನಮ್ಮ ಗೋಮಾತೆ ಹೇಗಿದಾಳೆ?"

ಹುಡುಗಿ ನನ್ನ ಮುಖ ನೋಡ್ತಾಳೆ. ನಾನು ರೊಟ್ಟಿ ತಟ್ತಿರ್ತೇನೆ.

"ಶಿ ಈಸ್ ಗ್ರೇಟ್, ಮೈಸೂರಜ್ಜಿ" ಅಂತಾಳೆ. "ಚೆನ್ನಾಗಿ ತಿಂತಿದಾಳೆ."